ನೀರಿನ ಪಾಲು ಎಕರೆಗೋ, ಮನುಷ್ಯನಿಗೋ?

ಬರ ಬಂದಾಗ ಹಸಿದವರಿಂದ ಜಲ್ಲಿ ಒಡೆಯಿಸುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯು. ಮಳೆ ಬಂದೊಡನೆ ಬರವನ್ನೂ ಜಲ್ಲಿಯನ್ನೂ ಒಟ್ಟಿಗೆ ಮರೆಯುತ್ತೇವೆ. 1972ರ ಕ್ಷಾಮದಲ್ಲಿ ಪುಣೆಯ ಇಂಜಿನಿಯರರೂ ಉದ್ಯಮಿಗಳೂ ಆಗಿದ್ದ ವಿಲಾಸರಾವ್ ಸಾಳುಂಖೆಯವರು ಪುರಂದರ ತಾಲ್ಲೂಕಿನಲ್ಲಿ ಈ ನೋಟವನ್ನು ಕಂಡರು, ಕಂಡು ಮರೆಯಲಿಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೀಮೆ ಅದು. ಅಲ್ಲಿನ ಕರ್ಹಾ ಹೊಳೆಯು ನೀರೆಯನ್ನೂ, ನೀರೆಯು ಭೀಮೆಯನ್ನೂ ಸೇರಿ ನಮ್ಮ ವಿಜಾಪುರ ಕಲಬುರ್ಗಿಗಳ ಕಡೆಗೇ ಬರುವುದರಿಂದ ಆ ಸೀಮೆ ನಮಗೆ ತೀರ ಪರಕೀಯವೂ ಅಲ್ಲ.

ಸಾಳುಂಖೆಯವರು ನಾಯಗಾಂವದಲ್ಲಿ ದೇವಸ್ಥಾನದ 40 ಎಕರೆ ಬರಡು ಭೂಮಿಯನ್ನು ಗೇಣಿಗೆ ಹಿಡಿದರು. ಇಳಿಜಾರಿಗೆ ಬದು, ತಗ್ಗಿಗೆ ಇಂಗುಕೆರೆ, ಅದರ ಕೆಳಗೆ ಬಾವಿ. ಬಾವಿಯಿಂದ ನೀರೆತ್ತಿ ಹೊಲಕ್ಕೆ ಬಿಟ್ಟರು. ಇಷ್ಟೇ ಆಗಿದ್ದರೆ ಧನಿಕನೊಬ್ಬನ ತೋಟವೆಂದು ನಾವು ಸುಮ್ಮನಿರುತ್ತಿದ್ದೆವು. ಆಶ್ಚರ್ಯವಿರುವುದು ಮುಂದೆ 'ಪಾಣಿ ಪಂಚಾಯತಿ' ಎಂಬ ಹೆಸರಿನಲ್ಲಿ ಊರೂರಿನ ರೈತರು ಒಪ್ಪಿಕೊಂಡ ಕಟ್ಟಳೆಗಳಲ್ಲಿ.

ನೀರಿನ ಪಾಲು ಹಿಡುವಳಿಯನ್ನು ನೋಡಿ ಅಲ್ಲ, ತಲೆಯನ್ನೆಣಿಸಿ: ಆಳಿಗೆ ಅರ್ಧ ಎಕರೆಗೆ ಬೇಕಾದ ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಐವತ್ತು ಎಕರೆಯ ಯಜಮಾನನಿಗೂ ಇದೇ ಮಿತಿ. ಭೂಮಿಯಿಲ್ಲದ ಕೂಲಿಕಾರನಿಗೂ ಪಾಲುಂಟು. ಭೂಮಿ ಮಾರಿದರೆ ಅದರೊಡನೆ ನೀರಿನ ಹಕ್ಕು ಹೋಗದು. ವೆಚ್ಚದಲ್ಲಿ ಐದನೆಯ ಒಂದಂಶವನ್ನು ರೈತರೇ ಹಾಕಬೇಕು. ಕಬ್ಬು ನಿಷಿದ್ಧ! ಸರದಿಯಂತೆ ನೀರು ಬಿಡುವ ಪಾಟಕರಿಯನ್ನು, ಅಂದರೆ ನಮ್ಮ ಹಳೆಯ ನೀರಗಂಟಿಯಂಥವನನ್ನು, ಅವರೇ ನೇಮಿಸುತ್ತಿದ್ದರು.

ಈ ಕಬ್ಬಿನ ಮಾತಿನಲ್ಲಿಯೇ ಎಲ್ಲ ಅಡಗಿದೆ. ವರ್ಷವಿಡೀ ನೀರು ಬೇಡುವ ಒಂದೆಕರೆ ಕಬ್ಬು ಹಲವು ಎಕರೆ ಜೋಳದ ನೀರನ್ನು ನುಂಗುವುದೆಂದು ಯಾವ ರೈತನಿಗೆ ತಿಳಿಯದು? ಸರ್ಕಾರವು ಬೇಡವೆಂದರೆ ಅವನು ರಾತ್ರಿ ತೂಬು ತೆಗೆಯುವನು. ಆದರೆ ಪಕ್ಕದ ಮನೆಯ ಕೂಲಿಯವನಿಗೂ ಅದೇ ಬಾವಿಯಲ್ಲಿ ಪಾಲಿರುವಾಗ, ಕಾವಲು ಕಾಯಲು ಊರೇ ಎಚ್ಚರವಾಗಿರುತ್ತದೆ.

ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. 2005ರಲ್ಲಿ ಮಹಾರಾಷ್ಟ್ರವು ಕಾಲುವೆಯ ನೀರನ್ನು ಅಳೆದು ರೈತಸಂಘಗಳಿಗೆ ಒಪ್ಪಿಸುವ ಶಾಸನವನ್ನೇನೋ ಮಾಡಿತು. ಆದರೆ ಪಾಲು ಮರಳಿ ಭೂಮಿಗೇ ಅಂಟಿಕೊಂಡಿತು. ನಮ್ಮಲ್ಲಿಯೂ 1965ರ ನೀರಾವರಿ ಕಾನೂನನ್ನು 2000ದಲ್ಲಿ ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಎಡೆಮಾಡಿದ್ದಾಗಿದೆ. ಆದರೂ ತುಂಗಭದ್ರೆಯ ಎಡದಂಡೆ ಕಾಲುವೆಯ ಮೇಲ್ತುದಿಯಲ್ಲಿ ಭತ್ತವು ತುಂಬಿ ನಿಲ್ಲುವುದೂ, ಕೊನೆಯಂಚಿನ ರಾಯಚೂರು ಕಡೆಯ ರೈತರು ಬರಿಯ ಕಾಲುವೆಯನ್ನು ನೋಡಿ ಕುಳ್ಳಿರುವುದೂ ನಿಂತಿಲ್ಲ. ಸಂಘಗಳ ಸಂಖ್ಯೆಯನ್ನು ಅಧಿಕಾರಿಗಳು ಉತ್ಸಾಹದಿಂದ ಹೇಳುವರು. ಯಾವ ತೂಬಿನಿಂದ ಯಾವ ದಿನ ಎಷ್ಟು ನೀರು ಹೋಯಿತೆಂಬ ಲೆಕ್ಕವನ್ನೂ ಪ್ರತಿ ವಾರ ಕೊನೆಯಂಚಿನ ಊರುಗಳ ಚಾವಡಿಗೆ ಅಂಟಿಸುವರೇ ಎಂದು ನಾವು ಕೇಳುತ್ತೇವೆ.