ಹರಾಜಿನ ದುಡ್ಡು ಮೊದಲು ಯಾರಿಗೆ?

ಶ್ರೀನಿವಾಸಪುರ ಕಡೆಯ ಮಾವಿನ ತೋಪೊಂದರ ಪಹಣಿ ತೆಗೆಸಿದರೆ ಹನ್ನೊಂದನೇ ಕಾಲಂನಲ್ಲಿ ಅದರ ಸಾಲದ ಚರಿತ್ರೆಯೇ ಇರುತ್ತದೆ: ಸೊಸೈಟಿಯ ಬೆಳೆ ಸಾಲ, ಬೋರ್‌ವೆಲ್ಲಿಗೆಂದು ಪಿಎಲ್‌ಡಿ ಬ್ಯಾಂಕಿನಿಂದ ತಂದದ್ದು, ಯಾವತ್ತೋ ತೀರಿಸಿದರೂ ಅಳಿಸದೆ ಬಿಟ್ಟದ್ದು. ಹೂ ಬಿಡುವ ಮುಂಚೆಯೇ ಮಂಡಿಯವರು ಕೊಟ್ಟ ಮುಂಗಡ ಮಾತ್ರ ಅಲ್ಲಿ ಕಾಣುವುದಿಲ್ಲ. ಫಸಲು ಕೈಕೊಟ್ಟು ಸಾಲಗಾರ ಕೈಚೆಲ್ಲಿದಾಗ ಇವರೆಲ್ಲರ ಕಣ್ಣೂ ಒಂದೇ ತೋಪಿನ ಮೇಲೆ.

ಇಂಥ ಜಗಳಕ್ಕೆ ಮೂಲಸೂತ್ರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 48ನೇ ಕಲಂ. ಒಂದೇ ಸ್ವತ್ತನ್ನು ಒಬ್ಬರಾದ ಮೇಲೆ ಒಬ್ಬರಿಗೆ ಬರೆದುಕೊಟ್ಟಿದ್ದರೆ, ಹಿಂದಿನವರ ಹಕ್ಕು ತೀರಿದ ಮೇಲೆಯೇ ಮುಂದಿನವರ ಪಾಳಿ. ಮೊದಲ ಅಡಮಾನದ ಬಾಕಿ 7 ಲಕ್ಷ, ಎರಡನೆಯದು 5 ಲಕ್ಷ, ಹರಾಜಿನಲ್ಲಿ ಬಂದದ್ದು 10 ಲಕ್ಷ ಎಂದಿಟ್ಟುಕೊಳ್ಳಿ. ಹರಾಜಿನ ಖರ್ಚು ಮುರಿದುಕೊಂಡು, ಮೊದಲಿನವರಿಗೆ 7 ಲಕ್ಷ ಪೂರ್ತಿ ಕೊಟ್ಟು, ಮಿಕ್ಕಿದ್ದಷ್ಟೇ ಎರಡನೆಯವರಿಗೆ. ಸಮನಾಗಿ ಹಂಚುವ ಮಾತೇ ಇಲ್ಲ.

ಮೊದಲಿನವರು ಇಲ್ಲೊಂದು ಜಾಣತನ ಮಾಡಬಹುದು. ಎರಡನೇ ಅಡಮಾನ ಆದಮೇಲೆ ಅದೇ ಸಾಲಗಾರನಿಗೆ ಮತ್ತಷ್ಟು ಕೊಟ್ಟು, ಅದನ್ನೂ ಹಳೆಯ ಪತ್ರಕ್ಕೆ ಅಂಟಿಸುವುದು. ಇದಕ್ಕೆ ಅದೇ ಕಾಯ್ದೆಯ 93ನೇ ಕಲಂ ಅಡ್ಡ ನಿಲ್ಲುತ್ತದೆ. ಮುಂದೆಯೂ ಇಷ್ಟರವರೆಗೆ ಸಾಲ ಕೊಡುವುದುಂಟೆಂದು ಮೊದಲ ಪತ್ರದಲ್ಲೇ ಮಿತಿ ಬರೆದಿದ್ದು, ಅದು ಎರಡನೆಯವರಿಗೆ ಗೊತ್ತಿದ್ದರೆ ಮಾತ್ರ ವಿನಾಯಿತಿ.

ನಿಜವಾದ ತಕರಾರು ತಾರೀಖಿನದು. ನೋಂದಣಿ ಕಾಯ್ದೆಯ ಪ್ರಕಾರ ಪತ್ರ ಜಾರಿಗೆ ಬರುವುದು ಸಹಿಯಾದ ದಿನದಿಂದ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದ ದಿನದಿಂದಲ್ಲ. ನೋಂದಣಿಗೆ ಸಾಮಾನ್ಯವಾಗಿ 4 ತಿಂಗಳ ಗಡುವು. ಆ ನಡುವೆ ತೆಗೆಸಿದ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಏನೂ ಇರುವುದಿಲ್ಲ! ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ತರುವ ಪದ್ಧತಿ ಇನ್ನೂ ತೊಡಕಿನದು. ಜಮೀನು ಮಾಲೂರಿನದಾದರೂ ಪತ್ರವನ್ನು ಬೆಂಗಳೂರಿನಲ್ಲಿ ಒಪ್ಪಿಸಬಹುದು. ಆಮೇಲೆ ಬರೆದು ನೋಂದಾಯಿಸಿದ ಅಡಮಾನಕ್ಕಿಂತ ಅದೇ ಮುಂದು. ಆದರೆ ಪತ್ರ ಇಟ್ಟುಕೊಂಡ ಬ್ಯಾಂಕು ತೀರಾ ಉಡಾಫೆಯಿಂದ ಅವನ್ನು ಸಾಲಗಾರನ ಕೈಗೇ ಮರಳಿಸಿ, ಅವನು ಬೇರೆ ಕಡೆ ಅಡವಿಟ್ಟರೆ, ಸ್ವತ್ತು ವರ್ಗಾವಣೆ ಕಾಯ್ದೆಯ 78ನೇ ಕಲಂ ಆ ಬ್ಯಾಂಕನ್ನು ಹಿಂದಕ್ಕೆ ತಳ್ಳುತ್ತದೆ. ತಾರೀಖಿನ ಹಿರಿತನ ಆಗ ಉಪಯೋಗಕ್ಕೆ ಬರುವುದಿಲ್ಲ.

ಇದಿಷ್ಟೂ ಖಾಸಗಿಯವರ ನಡುವಿನ ನ್ಯಾಯ. ಸರ್ಕಾರದ ಭೂಕಂದಾಯ ಎಂದೂ ಈ ಸಾಲಿನಲ್ಲಿ ನಿಂತದ್ದಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದಾಗ ಬೆಳೆಯ ಮೇಲೆ ಸಂಘದ ಸಾಲಕ್ಕೆ ಇತರರಿಗಿಂತ ಮುಂಚಿನ ಜಾಗ ಸಿಕ್ಕಿತು. ಅದಕ್ಕಿಂತ ಮುಂದೆ ಕಂದಾಯ ಇದ್ದೇ ಇತ್ತು. ಬ್ಯಾಂಕುಗಳು ರೈತರ ಬೆಳೆ, ಜಮೀನಿನ ಮೇಲೆ ಸುಲಭವಾಗಿ ಋಣಭಾರ ದಾಖಲಿಸಲು ಕರ್ನಾಟಕ 1974ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಇವರೆಲ್ಲರ ಮುಂದೆ ಮಂಡಿಯ ಮುಂಗಡ ಬರೀ ಕೈಸಾಲ. ತಮಾಷೆಯೆಂದರೆ ಕಾಯಿ ಬಂದಿಳಿಯುವುದು ಅದೇ ಮಂಡಿಗೆ. ಪಟ್ಟಿ ಬರೆಯುವಾಗಲೇ ಮುಂಗಡ ಮುರಿದುಕೊಂಡರೆ ಸೊಸೈಟಿಯವರು ಪಹಣಿ ಹಿಡಿದು ನೋಡುತ್ತಿರಬೇಕು.

ತೆರಿಗೆ ಬಾಕಿಗೂ ಕಂದಾಯದ ಮರ್ಯಾದೆ ಉಂಟೇ? ಕರ್ನಾಟಕದಿಂದಲೇ ಹೋದ ದೇನಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿ ಉತ್ತರ ಕೊಟ್ಟಿತು. ಸರ್ಕಾರದ ಬಾಕಿ ಕೈಸಾಲದವರಿಗಿಂತ ಮುಂದು, ಅಡಮಾನದವರಿಗಿಂತ ಅಲ್ಲ ಎಂಬುದು ಹಳೆಯ ನಿಯಮ. ಆದರೆ ಶಾಸನವೇ ಬೇರೆ ಹೇಳಿದರೆ ಅದೇ ಮಾತು. ಕರ್ನಾಟಕ ಭೂಕಂದಾಯ ಕಾಯ್ದೆಯ 158ನೇ ಕಲಂ ಹಾಗೆ ಹೇಳಿತ್ತು. ಮಾರಾಟ ತೆರಿಗೆಯ ಬಾಕಿ ಬ್ಯಾಂಕಿನ ಅಡಮಾನವನ್ನು ಹಿಂದಿಕ್ಕಿತು.

ಬ್ಯಾಂಕುಗಳು ಸುಮ್ಮನಿರಲಿಲ್ಲ. 2011ರಲ್ಲಿ ಸೆರ್ಸಾಯ್ ಎಂಬ, ಅಡಮಾನಗಳ ಕೇಂದ್ರ ದಾಖಲಾತಿ ಶುರುವಾಯಿತು. 2016ರ ತಿದ್ದುಪಡಿ, ಬ್ಯಾಂಕುಗಳು ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಇರುವ ಸರ್ಫೇಸಿ ಕಾಯ್ದೆಗೆ 26ಇ ಕಲಂ ಸೇರಿಸಿತು, 2020ರ ಜನವರಿಯಲ್ಲಿ ಅದು ಜಾರಿಗೂ ಬಂತು: ಸೆರ್ಸಾಯ್‌ನಲ್ಲಿ ನೋಂದಾಯಿಸಿದ ಅಡಮಾನ ತೆರಿಗೆಗಿಂತ ಮೊದಲು. ಕೃಷಿ ಜಮೀನು ಮಾತ್ರ ಸರ್ಫೇಸಿಯ ಹೊರಗೆ. ಹಾಗಾಗಿ ಮಾಲೂರಿನ ಕಾರ್ಖಾನೆಗೆ ಒಂದು ಕ್ರಮ, ಮುಳಬಾಗಿಲಿನ ಟೊಮೆಟೊ ಹೊಲಕ್ಕೆ ಇನ್ನೊಂದು.

ಕಾರ್ಮಿಕರ ಕೂಲಿಗೆ ಅಡಮಾನದವರ ಸಮಕ್ಕೆ ಜಾಗ ಸಿಗಲು 1985ರವರೆಗೆ ಕಾಯಬೇಕಾಯಿತು. ಆ ವರ್ಷ ಕಂಪನಿ ಕಾಯ್ದೆಗೆ ಸೇರಿದ 529ಎ ಕಲಂ, ಮುಳುಗಿದ ಕಂಪನಿಯ ಆಸ್ತಿಯಲ್ಲಿ ಕಾರ್ಮಿಕರನ್ನು ಅಡಮಾನದವರ ಪಕ್ಕದಲ್ಲೇ ಕೂರಿಸಿತು. ಹಾಗೆಂದು ಬ್ಯಾಂಕು ಬ್ಯಾಂಕುಗಳ ನಡುವಿನ ಹಿಂದುಮುಂದು ಅಳಿಸಿಹೋಗುವುದಿಲ್ಲ ಎಂದು 2006ರ ಐಸಿಐಸಿಐ ಬ್ಯಾಂಕ್–ಸಿಡ್ಕೊ ಲೆದರ್ಸ್ ತೀರ್ಪು ಮತ್ತೆ 48ನೇ ಕಲಮಿಗೇ ಮರಳಿತು.

ದಿವಾಳಿ ಸಂಹಿತೆಯಲ್ಲಿ ತೆರಿಗೆಯ ಜಾಗ ಅಲುಗಾಡುತ್ತ ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ರೇನ್‌ಬೋ ಪೇಪರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ವ್ಯಾಟ್ ಬಾಕಿಯನ್ನು ಭದ್ರತೆಯಿರುವ ಸಾಲವೆಂದು ಎಣಿಸಿತು. 2023ರ ಜುಲೈನಲ್ಲಿ ಇನ್ನೊಂದು ಪೀಠ, ಆ ತೀರ್ಪು ಅದರ ಸಂಗತಿಗಳಿಗಷ್ಟೇ ಸೀಮಿತ ಎಂದಿತು. ರೇನ್‌ಬೋ ತೀರ್ಪಿನ ಮರುಪರಿಶೀಲನೆ ಕೋರಿದ ಅರ್ಜಿಗಳನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ವಜಾ ಮಾಡಲಾಯಿತು.