ಲೋಹದ ಎಲುಬು

ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಕಾಲ್ನಡಿಗೆಯಿಂದ ಏರುವ ಯಾತ್ರಿಕನ ಮೊಣಕಾಲು ಹೊರುವ ಭಾರವೆಷ್ಟು? ಅವನ ಮೈಭಾರದಷ್ಟೇ ಎಂದು ವಾಚಕರು ಊಹಿಸಬಹುದು. ಆದರೆ ಸ್ನಾಯುಗಳು ಎಲುಬನ್ನು ಸನ್ನೆಯಂತೆ, ಕೀಲಿಗೆ ತೀರ ಸಮೀಪದಲ್ಲಿ ಹಿಡಿದು ಎಳೆಯುವುದರಿಂದ ಅವುಗಳ ಸೆಳೆತವೂ ಕೀಲಿನ ಮೇಲೆಯೇ ಬೀಳುವುದು. ಮೆಟ್ಟಿಲು ಹತ್ತುವಾಗ ಮೊಣಕಾಲಿನ ಮೇಲಣ ಬಲ ಮೈಭಾರದ ಸುಮಾರು 3 ಪಟ್ಟಾಗುವುದು. 50 ಕಿಲೋಗ್ರಾಂ ತೂಗುವ ಹುಡುಗನ ಮೊಣಕಾಲು 150 ಕಿಲೋಗ್ರಾಂ ಭಾರವನ್ನು ತಾಳಬೇಕು.

ದುರ್ದೈವದಿಂದ, ಎಳೆಯರಲ್ಲಿ ಎಲುಬಿನ ಕ್ಯಾನ್ಸರ್ ಹೆಚ್ಚಾಗಿ ತಲೆದೋರುವುದು ಈ ಮೊಣಕಾಲಿನ ಆಚೀಚೆಯೇ. ಆಸ್ಟಿಯೋಸಾರ್ಕೋಮ ಎಂಬ ಈ ರೋಗ ಎಲುಬು ಭರದಿಂದ ಬೆಳೆಯುವ 10ರಿಂದ 20ರ ವಯಸ್ಸಿನಲ್ಲಿ ಅಧಿಕ. 1970ಕ್ಕೆ ಮೊದಲು ಕಾಲನ್ನು ಕತ್ತರಿಸುವುದೇ ಇದಕ್ಕೆ ಚಿಕಿತ್ಸೆಯಾಗಿದ್ದಿತು. ಆದರೂ ಐವರಲ್ಲಿ ಸುಮಾರು ಒಬ್ಬನೇ ಉಳಿಯುತ್ತಿದ್ದನು. ರೋಗದ ಕಣಗಳು ಅಷ್ಟರೊಳಗೆ ಶ್ವಾಸಕೋಶವನ್ನು ಸೇರಿರುತ್ತಿದ್ದುವು. ಆ ದಶಕದಿಂದ ಮೆಥೊಟ್ರೆಕ್ಸೇಟ್, ಸಿಸ್ಪ್ಲಾಟಿನ್ ಮೊದಲಾದ ಔಷಧಗಳು ಬಳಕೆಗೆ ಬಂದುವು. ಇಂದು ರೋಗ ಹರಡುವ ಮುನ್ನ ಪೂರ್ಣ ಚಿಕಿತ್ಸೆ ಪಡೆದ ಮೂವರಲ್ಲಿ ಸುಮಾರು ಇಬ್ಬರು ಬದುಕುವರು. ಬಹುಮಂದಿಯ ಕಾಲೂ ಉಳಿಯುವುದು.

ಕಾಲನ್ನುಳಿಸುವ ಬಗೆ ಹೀಗೆ: ಮೊದಲು ಔಷಧದಿಂದ ಗಡ್ಡೆಯನ್ನು ಹತೋಟಿಗೆ ತರುವರು. ಬಳಿಕ ರೋಗತಗುಲಿದ ಎಲುಬನ್ನು, ಸುತ್ತಲಿನ ನಿರೋಗಿ ಮಾಂಸದ ಪದರದೊಡನೆ ಕೊಯ್ದು ತೆಗೆದು, ಆ ಸ್ಥಳದಲ್ಲಿ ಲೋಹದ ಎಲುಬನ್ನೂ ಬಿಜಾಗರಿಯಂತಹ ಕೀಲನ್ನೂ ಕೂಡಿಸುವರು. 1940ರಲ್ಲಿ ಅಮೆರಿಕದ ಮೂರ್ ಮತ್ತು ಬೋಲ್‌ಮನ್ ಎಂಬ ವೈದ್ಯರು ಗಡ್ಡೆಯಿಂದ ಕೆಟ್ಟ ತೊಡೆಯೆಲುಬಿನ ಮೇಲ್ತುದಿಯನ್ನು ತೆಗೆದು, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ತುಂಡನ್ನು ಇರಿಸಿದ್ದರು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಆಮದಿನ ಸಾಧನಗಳಿಗಿಂತ ಅಗ್ಗವಾದ ಸ್ವದೇಶೀ ಲೋಹದೆಲುಬನ್ನು ರೂಪಿಸಿದರು.

ಆದರೆ ಲೋಹಕ್ಕೂ ಎಲುಬಿಗೂ ಹೊಂದಾಣಿಕೆ ಸುಲಭವಲ್ಲ. ಎಲುಬಿನ ಯಂಗ್ ಗುಣಾಂಕ ಸುಮಾರು 20 ಗಿಗಾಪಾಸ್ಕಲ್. ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಕೋಬಾಲ್ಟ್-ಕ್ರೋಮಿಯಂನದು 200ಕ್ಕೂ ಮಿಗಿಲು. ಒಂದೇ ನೊಗಕ್ಕೆ ಕಟ್ಟಿದ ಎರಡೆತ್ತುಗಳಲ್ಲಿ ಬಲಿಷ್ಠವಾದುದೇ ಭಾರವನ್ನೆಲ್ಲ ಎಳೆದರೆ ಇನ್ನೊಂದು ದುಡಿಮೆ ಮರೆಯುವಂತೆ, ಬಿರುಸಾದ ಲೋಹವೇ ಭಾರ ಹೊತ್ತಾಗ ಪಕ್ಕದ ಎಲುಬು ಸವೆಯುವುದು. ಆಗ ಲೋಹದ ಕಂಬಿ ಸಡಿಲವಾಗಿ, ಮತ್ತೆ ಶಸ್ತ್ರಕ್ರಿಯೆ ಬೇಕಾಗಬಹುದು. ಸೋಂಕಿನ ಭಯವೂ ಉಂಟು. ಬೆಳೆಯುವ ಮಕ್ಕಳಿಗಾಗಿ ಹೊರಗಿನ ಕಾಂತಕ್ಷೇತ್ರದಿಂದ ಒಳಗಿನ ಹಲ್ಲುಗಾಲಿಗಳನ್ನು ತಿರುಗಿಸಿ, ಮತ್ತೆ ಕೊಯ್ಯದೆಯೇ ಉದ್ದಗೊಳಿಸಬಲ್ಲ ಎಲುಬುಗಳೂ ಬಂದಿವೆ.

ಗಡ್ಡೆ ಮುಖ್ಯ ರಕ್ತನಾಳವನ್ನೂ ನರವನ್ನೂ ಆವರಿಸಿದಲ್ಲಿ ಮಾತ್ರ ಕಾಲನ್ನುಳಿಸುವುದು ಬಲು ಕಷ್ಟ. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದಿಷ್ಟು. ಮೊಣಕಾಲಿನ ಬಳಿ ರಾತ್ರಿಯೂ ಕಾಡುವ ನೋವು ಅಥವಾ ಬಾವು ಕೆಲವು ವಾರ ಇಳಿಯದಿದ್ದರೆ, ಅದನ್ನು ತಿಕ್ಕಿಸಬಾರದು, ಪಟ್ಟು ಕಟ್ಟಿಸಿ ಕಾಯಬಾರದು. ಒಂದು ಕ್ಷ-ಕಿರಣ ಚಿತ್ರ ತೆಗೆಸಬೇಕು. ಬಹುತೇಕ ಅದು ಸಾಮಾನ್ಯ ನೋವೇ ಆಗಿರುವುದು. ಸಂಶಯವುಂಟಾದರೆ ಬೆಳಗಾವಿ, ಹುಬ್ಬಳ್ಳಿಗಳ ಕ್ಯಾನ್ಸರ್ ಆಸ್ಪತ್ರೆಗಳೂ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ. ಗಡ್ಡೆಯ ಚೂರನ್ನು ಪರೀಕ್ಷೆಗೆ ತೆಗೆಯುವ ಕೆಲಸವನ್ನೂ ಮುಂದೆ ಶಸ್ತ್ರಕ್ರಿಯೆ ಮಾಡುವ ತಜ್ಞರಿಗೇ ಬಿಡಬೇಕು. ತಪ್ಪು ಜಾಗದಲ್ಲಿ ಚುಚ್ಚಿದರೆ ಉಳಿಯಬಹುದಾಗಿದ್ದ ಕಾಲೂ ಹೋದೀತು. ಆಟದಲ್ಲಿ ಬಿದ್ದ ಪೆಟ್ಟೆಂದು ನೋವನ್ನು ಬಚ್ಚಿಡದೆ, ಮನೆಯ ಹಿರಿಯರಿಗೆ ಬೇಗ ತಿಳಿಸಿರಿ.