ಮೂಳೆಗೆ ಭಾರ ಬೇಕು

ಅರವತ್ತು ದಾಟಿದ ಹೆಂಗಸೊಬ್ಬರು ಬಚ್ಚಲಲ್ಲಿ ಜಾರಿ, ಕೈಯೂರಿ ಬೀಳುತ್ತಾರೆ. ಮಣಿಕಟ್ಟಿನ ಹತ್ತಿರ ಮೂಳೆ ಮುರಿಯುತ್ತದೆ. ಎಕ್ಸ್-ರೇ ತೆಗೆದು ಪ್ಲಾಸ್ಟರ್ ಹಾಕುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ. ‘ಸದ್ಯ, ಕೈಗೆ ಹೋಯ್ತು’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಮುರಿಯುವುದು ಅಪರೂಪ. ಮುರಿಯಿತೆಂದರೆ ಅದು ಮೊದಲೇ ಸವೆದಿರುವ ಸಾಧ್ಯತೆ ಹೆಚ್ಚು. ಮೂಳೆ ಕೂಡಿಕೊಳ್ಳುತ್ತದೆ, ಮುರಿಯಲು ಇದ್ದ ಕಾರಣ ಒಳಗೇ ಉಳಿಯುತ್ತದೆ. ಅದನ್ನು ಯಾರೂ ಕೇಳದೆ ಹೋದರೆ ಮುಂದಿನ ಸರದಿ ಬೆನ್ನೆಲುಬಿನದೋ ಸೊಂಟದ್ದೋ ಆಗಬಹುದು.

ಶಾಲೆಯ ಗಾಜಿನ ಬೀರುವಿನಲ್ಲಿ ಅಸ್ಥಿಪಂಜರ ನೋಡಿ ಬೆಳೆದ ನಮಗೆ ಮೂಳೆ ಜಡವಸ್ತು ಅನ್ನಿಸುವುದು ಸಹಜ. ಮೈಯೊಳಗಿನ ಮೂಳೆಯಲ್ಲಾದರೋ ರಕ್ತ ಹರಿಯುತ್ತದೆ, ನರಗಳಿವೆ, ಜೀವಕೋಶಗಳು ಬಿಡುವಿಲ್ಲದೆ ದುಡಿಯುತ್ತವೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದನ್ನು ತೆಗೆದು ಹೊಸದನ್ನು ಹೊದಿಸುವ ಹಾಗೆ ಮೂಳೆಯಲ್ಲಿ ವರ್ಷವಿಡೀ ರಿಪೇರಿ ನಡೆದಿರುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಆಮ್ಲದಿಂದ ಕರಗಿಸಿ ಗುಳಿ ತೋಡುತ್ತವೆ. ಆಸ್ಟಿಯೋಬ್ಲಾಸ್ಟ್‌ಗಳು ಆ ಗುಳಿಯಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನಾರು ಹಾಸುತ್ತವೆ. ಅದರ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳು ಕೂರುತ್ತದೆ. ತೋಡಲು ಕೆಲವು ವಾರ ಸಾಕು, ತುಂಬಲು ಮೂರ್ನಾಲ್ಕು ತಿಂಗಳು ಬೇಕು. ದೊಡ್ಡವರ ಅಸ್ಥಿಪಂಜರದ ಸುಮಾರು ಶೇ 10ರಷ್ಟು ಪ್ರತಿವರ್ಷ ಹೀಗೆ ಹೊಸದಾಗುತ್ತದೆ. ಮೂವತ್ತರ ಆಸುಪಾಸಿನವರೆಗೆ ತುಂಬುವವರ ಕೈ ಮೇಲು, ಆಮೇಲೆ ಒಂದಿಷ್ಟು ಕಾಲ ಸರಿಸಮ. ಮುಟ್ಟು ನಿಂತಾಗ ಈಸ್ಟ್ರೊಜೆನ್ ಇಳಿದು, ತೋಡುವ ಕೋಶಗಳ ಮೇಲಿದ್ದ ಕಡಿವಾಣ ಸಡಿಲವಾಗುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಈ ನಂಟನ್ನು 1940ರ ಸುಮಾರಿಗೇ ಗುರುತಿಸಿದ್ದರು. ಗಂಡಸರಲ್ಲಿ ಸವೆತ ನಿಧಾನ, ಆದರೆ ಅವರಿಗೂ ಅದು ತಪ್ಪಿದ್ದಲ್ಲ.

ಇನ್ನೊಂದು ಬಗೆಯ ಕೋಶವಿದೆ, ಆಸ್ಟಿಯೋಸೈಟ್. ಇವು ಮೂಳೆಯೊಳಗೇ ಹುದುಗಿದ್ದು, ಸಣ್ಣ ಕವಲುಗಳ ಮೂಲಕ ಒಂದರೊಡನೊಂದು ಸಂಪರ್ಕದಲ್ಲಿರುತ್ತವೆ. ನಾವು ಮೆಟ್ಟಿಲು ಹತ್ತಿದಾಗ, ತುಂಬಿದ ಕೊಡ ಎತ್ತಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರ ಸೂಕ್ಷ್ಮ ಕಾಲುವೆಗಳಲ್ಲಿನ ದ್ರವ ಅಲುಗುತ್ತದೆ. ಆ ಅಲುಗಾಟವೇ ಇವುಗಳಿಗೆ ಸುದ್ದಿ. ಭಾರ ಬಿದ್ದ ಕಡೆ ಮೂಳೆ ಕಟ್ಟಲು, ಬೀಳದ ಕಡೆ ತೆಗೆಯಲು ಇಲ್ಲಿಂದಲೇ ಸೂಚನೆ ಹೋಗುತ್ತದೆ. ಹೊರುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ಟೆನಿಸ್ ಆಟಗಾರರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ಅವರೆಲ್ಲ ಗಟ್ಟಿಮುಟ್ಟಾದವರು, ಊಟಕ್ಕೆ ಕೊರತೆಯಿಲ್ಲದವರು. ಇಲ್ಲದ್ದು ಭಾರ ಒಂದೇ.

ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು, ‘ಅಮ್ಮ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ.’ ಅಕ್ಕರೆಯ ಮಾತೇ, ಆದರೆ ಮೂಳೆಗೆ ಅದು ಒಳ್ಳೆಯದಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮುಟ್ಟು ನಿಂತ, ಮೂಳೆ ಸವೆದಿದ್ದ 101 ಹೆಂಗಸರನ್ನು ಆರಿಸಿಕೊಂಡರು. ಒಂದು ಗುಂಪಿಗೆ ವಾರಕ್ಕೆರಡು ಬಾರಿ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಿಗೆ ಭಾರ ಎತ್ತುವ ಮತ್ತು ನೆಗೆದು ಇಳಿಯುವ ವ್ಯಾಯಾಮ. ಇನ್ನೊಂದು ಗುಂಪಿಗೆ ಮನೆಯಲ್ಲೇ ಹಗುರ ವ್ಯಾಯಾಮ. ಎಂಟು ತಿಂಗಳಾದ ಮೇಲೆ ಮೊದಲ ಗುಂಪಿನವರ ಕೆಳಬೆನ್ನಿನ ಮೂಳೆಸಾಂದ್ರತೆ ಶೇ 2.9ರಷ್ಟು ಏರಿತ್ತು, ಎರಡನೆಯವರದು ಶೇ 1.2ರಷ್ಟು ಇಳಿದಿತ್ತು. ಅರವತ್ತೈದರ ಸುಮಾರಿನಲ್ಲೂ ಮೂಳೆ ಮಾತು ಕೇಳುತ್ತದೆ ಎಂಬುದು ನನಗೆ ಬಹಳ ಧೈರ್ಯ ಕೊಡುವ ಸಂಗತಿ. ಹಾಗೆಂದು ನಾಳೆಯೇ ಯಾರೂ ಅಕ್ಕಿ ಮೂಟೆ ಎತ್ತಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮೆಲ್ಲನೆ ಭಾರ ಹೆಚ್ಚಿಸುವುದು ಆರಂಭಕ್ಕೆ ಸಾಕು. ಬರೀ ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟು ಸಾಲದು. ಬೆನ್ನೆಲುಬು ಈಗಾಗಲೇ ಸವೆದವರು ಪಶ್ಚಿಮೋತ್ತಾನಾಸನದಂಥ, ಮುಂದಕ್ಕೆ ಪೂರ್ತಿ ಬಾಗುವ ಆಸನಗಳನ್ನು ಬಿಡಬೇಕು.

ಕಟ್ಟಲು ಸಾಮಗ್ರಿಯೂ ಬೇಕಲ್ಲ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತಕ್ಕೂ ಕಡಿಮೆ. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಮಾಡಿ ಹುಳಿಸಿದರೆ ಆ ಹಿಡಿತ ಕಡಿಮೆಯಾಗುತ್ತದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಜೊತೆಗಿರಲಿ. ರಾತ್ರಿ ಎರಡು ತುತ್ತು ತಿಳಿಸಾರನ್ನಕ್ಕೇ ಊಟ ಮುಗಿಸುವ ಹಿರಿಯರಿಗೆ ಪ್ರೋಟೀನೂ ಸಾಲುತ್ತಿಲ್ಲ. ಕೊಲಾಜನ್ ಹೆಣೆಯಲು ಅದಿಲ್ಲದೆ ಆಗದು. ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ ಬೇಕು. ಎಳೆಬಿಸಿಲು ಹಿತವೇನೋ ಹೌದು, ಆದರೆ ವಿಟಮಿನ್ ತಯಾರಿಸುವ ಯುವಿ-ಬಿ ಕಿರಣ ಅದರಲ್ಲಿ ತೀರ ಕಡಿಮೆ, ಕಿಟಕಿ ಗಾಜಿನ ಒಳಗಂತೂ ಇಲ್ಲವೇ ಇಲ್ಲ. ಹನ್ನೊಂದು ಗಂಟೆಯ ಮೇಲಿನ ಬಿಸಿಲಿಗೆ ಸ್ವಲ್ಪ ಹೊತ್ತು ಕೈಕಾಲು ಒಡ್ಡಬೇಕು. ಕೊರತೆಯಿದ್ದರೆ ಔಷಧಿಯಿದೆ, ವೈದ್ಯರು ಹೇಳಿದಷ್ಟೇ. ವರ್ಷಕ್ಕೊಮ್ಮೆ ಭಾರಿ ಡೋಸ್ ಕೊಟ್ಟು ನೋಡಿದ ಒಂದು ಆಸ್ಟ್ರೇಲಿಯನ್ ಅಧ್ಯಯನದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚೇ ಆದವು.

ಮೂಳೆ ದಟ್ಟವಾದಷ್ಟೂ ಗಟ್ಟಿ ಎಂದುಕೊಳ್ಳುವವರು ಪಾವಗಡ, ಮುಂಡರಗಿ, ಕೋಲಾರದ ಕಡೆಯ ಹಳ್ಳಿಗಳನ್ನು ನೆನೆಯಬೇಕು. ಅಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಎಕ್ಸ್-ರೇಯಲ್ಲಿ ಬೆಳ್ಳಗೆ ದಟ್ಟವಾಗಿ ಕಾಣಬಹುದು, ಆದರೆ ಬೆನ್ನು ಸೆಟೆದು ಕತ್ತು ತಿರುಗಿಸುವುದೂ ಕಷ್ಟವಾಗುತ್ತದೆ. ಇದೇ ಫ್ಲೋರೈಡನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಮೂಳೆ ಸವೆತಕ್ಕೆ ಔಷಧಿಯಾಗಿ ಕೊಟ್ಟು ಪರೀಕ್ಷಿಸಿದ್ದರು. 1990ರಲ್ಲಿ ಪ್ರಕಟವಾದ ಫಲಿತಾಂಶ: ನಾಲ್ಕು ವರ್ಷದಲ್ಲಿ ಬೆನ್ನೆಲುಬಿನ ಸಾಂದ್ರತೆ ಶೇ 35ರಷ್ಟು ಏರಿತು, ಬೆನ್ನೆಲುಬು ಮುರಿಯುವುದು ಗಣನೀಯವಾಗಿ ತಗ್ಗಲಿಲ್ಲ, ಬೇರೆ ಮೂಳೆಗಳು ಇನ್ನೂ ಹೆಚ್ಚಾಗಿ ಮುರಿದವು. ಹರಳು ತುಂಬಿದರೆ ಸಾಲದು, ಹೆಣಿಗೆ ಸರಿಯಿರಬೇಕು.

ಆದ್ದರಿಂದ ಮೂಳೆಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಟಿ-ಸ್ಕೋರ್ ಮುಖ್ಯವಾದರೂ ಅದೊಂದೇ ಅಲ್ಲ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ ಎಂದು ಲೆಕ್ಕ. ಅರವತ್ತೈದು ದಾಟಿದ ಹೆಂಗಸರು, ಐವತ್ತರ ಮೇಲೆ ಸಣ್ಣ ಬೀಳುವಿಕೆಗೇ ಮೂಳೆ ಮುರಿದುಕೊಂಡವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ನೋಡನೋಡುತ್ತ ಗಿಡ್ಡವಾದವರು, ಗೂನು ಬಂದವರು ಈ ಸ್ಕ್ಯಾನನ್ನು ಕೇಳಿ ಮಾಡಿಸಿಕೊಳ್ಳಬೇಕು. ಔಷಧಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ನಿಯಮ ಪಾಲಿಸಿದರೆ. ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಬರಿ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಚುಚ್ಚುಮದ್ದನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸವೆತ ಒಮ್ಮೆಗೇ ಮರುಕಳಿಸುತ್ತದೆ.

ಬೀಳದಂತೆ ನೋಡಿಕೊಳ್ಳುವುದೂ ಮೂಳೆಯ ಚಿಕಿತ್ಸೆಯೇ. ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಸಣ್ಣ ದೀಪ, ಕಣ್ಣಿನ ಪೊರೆಗೆ ಸಕಾಲಕ್ಕೆ ಆಪರೇಷನ್, ನಿದ್ದೆ ಮಾತ್ರೆಯ ಬಗ್ಗೆ ಎಚ್ಚರ. ಇಷ್ಟಾಗಿಯೂ ಸೊಂಟದ ಬಳಿ ತೊಡೆಮೂಳೆಯ ಕತ್ತು ಮುರಿದರೆ, ‘ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿಸಿ ನೋಡಿಕೊಳ್ಳೋಣ’ ಎನ್ನುವ ಮನೆಗಳು ಈಗಲೂ ಇವೆ. ಮಲಗಿಸುವುದೇ ದೊಡ್ಡ ಅಪಾಯ. ಬೆನ್ನಹುಣ್ಣು, ನ್ಯುಮೋನಿಯ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವೆಲ್ಲ ಹಾಸಿಗೆಯಿಂದಲೇ ಬರುತ್ತವೆ. ಮೈ ತಡೆದುಕೊಳ್ಳುವಂತಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ನೋವೆಂದು ಅವರು ಅತ್ತಾಗ ಪಕ್ಕದಲ್ಲಿ ನಿಂತ ಮಕ್ಕಳಿಗೆ ಕರುಳು ಚುರ್ ಎನ್ನುತ್ತದೆ. ಆದರೂ ನಿಲ್ಲಿಸಬೇಕು, ಸಂಜೆ ಇನ್ನೊಮ್ಮೆ ನಿಲ್ಲಿಸಬೇಕು.